ರಾತ್ರಿ ಗುಳಿಗೆ, ರಾತ್ರಿ ಗಾಡಿ

ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಬಸವಕಲ್ಯಾಣದ ಸಸ್ತಾಪುರ ಬಂಗ್ಲಾದಿಂದ ಹುಮನಾಬಾದಿನ ಕಡೆ ಬರುವಾಗ, ರಾತ್ರಿ ಹನ್ನೊಂದಾದರೂ ಲಾರಿಗಳ ಸಾಲು ಕರಗುವುದಿಲ್ಲ. ಆ ಸಾಲಿನ ಚಾಲಕನೊಬ್ಬ ಎಚ್‌ಐವಿ ಗುಳಿಗೆ ನುಂಗುವವನಾಗಿದ್ದರೆ, ಕೆಲ ವರ್ಷಗಳ ಹಿಂದಿನವರೆಗೂ ಅವನಿಗೊಂದು ಇಕ್ಕಟ್ಟು ಕಾದಿರುತ್ತಿತ್ತು. ಟೆನೊಫೊವಿರ್, ಲ್ಯಾಮಿವುಡಿನ್, ಎಫಾವಿರೆಂಜ್ ಬೆರೆತ ಗುಳಿಗೆಯನ್ನು ಮಲಗುವ ಹೊತ್ತಿಗೆ ತೆಗೆದುಕೊಳ್ಳಿ ಎನ್ನುತ್ತಿದ್ದರು. ಎಫಾವಿರೆಂಜ್ ತಲೆ ತಿರುಗಿಸುತ್ತದೆ, ವಿಚಿತ್ರ ಕನಸು ತರುತ್ತದೆ. ಮಲಗಿದವನಿಗೆ ಅದು ಕನಸಿನಲ್ಲೇ ಕಳೆದುಹೋದೀತು. ಸ್ಟೇರಿಂಗ್ ಹಿಡಿದವನಿಗೆ? ನುಂಗಿದರೆ ಗಾಡಿ ಓಡಿಸುವುದು ಕಷ್ಟ, ಓಡಿಸುವುದಾದರೆ ನುಂಗುವುದು ಕಷ್ಟ. ಡೋಸ್ ತಪ್ಪಿದಾಗ ‘ಬೇಜವಾಬ್ದಾರಿ ಮನುಷ್ಯ’ ಎನ್ನುವುದು ಮಾತ್ರ ಬಹಳ ಸುಲಭವಿತ್ತು.

ಸರ್ಕಾರದ ಉಚಿತ ಎಆರ್‌ಟಿಗೆ, ಅಂದರೆ ಎಚ್‌ಐವಿ ಹತ್ತಿಕ್ಕುವ ಮದ್ದಿನ ಚಿಕಿತ್ಸೆಗೆ, ಎರಡು ದಶಕ ದಾಟಿದೆ. 2004ರ ಏಪ್ರಿಲ್ 1ರಂದು ಅದು ಶುರುವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದಕ್ಕೂ ಮೂರು ವರ್ಷ ಮುಂಚೆ, ಮುಂಬೈನ ಸಿಪ್ಲಾ ವರ್ಷಕ್ಕೆ 350 ಡಾಲರಿಗೆ ಮೂರು ಮದ್ದುಗಳ ಚಿಕಿತ್ಸೆ ಕೊಡುತ್ತೇನೆಂದು ಹೇಳಿರದಿದ್ದರೆ ಈ ‘ಉಚಿತ’ ಎಂಬ ಮಾತೇ ಹುಟ್ಟುತ್ತಿರಲಿಲ್ಲ. ಆ ಮೂರರಲ್ಲಿ ಸ್ಟಾವುಡಿನ್ ಒಂದು. ಜೀವ ಉಳಿಸಿತು, ನಿಜ. ಆದರೆ ಕೆನ್ನೆಯ ಕೊಬ್ಬು ಕರಗಿಸಿತು, ಪಾದಗಳಲ್ಲಿ ಉರಿ ಹತ್ತಿಸಿತು. ಬಾಯಿ ಮುಚ್ಚಿಟ್ಟ ಗುಟ್ಟನ್ನು ಗುಳಿಗೆಯೇ ಮುಖದ ಮೇಲೆ ಬರೆದುಬಿಡುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಡಿ ಎಂದದ್ದು 2009ರಲ್ಲಿ. ಇನ್ನೊಂದು ಮದ್ದು ಜಿಡೊವುಡಿನ್ ಕೆಲವರಲ್ಲಿ ರಕ್ತಹೀನತೆ ತಂದಿತು. ಆಮೇಲೆ ಬಂದದ್ದು ದಿನಕ್ಕೊಂದೇ ಆದ ಆ ರಾತ್ರಿ ಗುಳಿಗೆ. 2017ರಿಂದ ರೋಗನಿರೋಧಕ ಸಿಡಿ4 ಕಣಗಳ ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದವರಿಗೆಲ್ಲ ಚಿಕಿತ್ಸೆ. 2020ರಿಂದೀಚೆಗೆ ಎಫಾವಿರೆಂಜ್ ಜಾಗಕ್ಕೆ ಡೊಲುಟೆಗ್ರಾವಿರ್ ಬಂತು. ಬೆಳಿಗ್ಗೆಯಾದರೂ ನುಂಗಿ, ರಾತ್ರಿಯಾದರೂ ನುಂಗಿ. ಕೆಲವರಿಗೆ ತೂಕ ಏರುತ್ತದೆ, ಸಕ್ಕರೆಯ ಮೇಲೆ ಕಣ್ಣಿಡಬೇಕಾಗುತ್ತದೆ.

ಇಷ್ಟು ಬದಲಾವಣೆಗಳಲ್ಲಿ ಒಂದೂ ಚಾಲಕನನ್ನು ಕೇಳಿ ಆದದ್ದಲ್ಲ. ಇದರಲ್ಲಿ ಯಾರನ್ನೂ ಖಳನಾಯಕ ಮಾಡಬೇಕಿಲ್ಲ. ಲಕ್ಷಾಂತರ ಜನರಿಗೆ ಒಂದೇ ಬಗೆಯ ಮದ್ದು ಖರೀದಿಸಿದ್ದರಿಂದಲೇ ಅದು ಅಗ್ಗವಾಯಿತು, ತಾಲ್ಲೂಕಿನ ರೋಗಿಗೂ ದಕ್ಕಿತು. ಹಾಗಾಗಿ ರೋಗಿಯ ಆಯ್ಕೆ ಗುಳಿಗೆಯ ಆಚೆಗೇ ಉಳಿಯಿತು: ಯಾವ ಹೊತ್ತಿಗೆ ನುಂಗುವುದು, ಎಲ್ಲಿಂದ ತರುವುದು, ಎಲ್ಲಿ ಬಚ್ಚಿಡುವುದು. ಡಬ್ಬಿ ಅಲುಗಿದರೆ ಸದ್ದಾಗುತ್ತದೆಂದು ಹತ್ತಿ ತುರುಕುವವರಿದ್ದಾರೆ. ಬೇರೆ ಔಷಧಿಯ ಡಬ್ಬಿಗೆ ಸುರಿದುಕೊಳ್ಳುವವರೂ ಇದ್ದಾರೆ. ಹತ್ತಿರದ ಆಸ್ಪತ್ರೆಯಲ್ಲೇ ಮದ್ದು ಸಿಗಲಿ ಎಂದು ಲಿಂಕ್ ಎಆರ್‌ಟಿ ಕೇಂದ್ರಗಳನ್ನು ತೆರೆದರು, ಒಳ್ಳೆಯದೇ. ಆದರೆ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ಪಕ್ಕದ ಮನೆಯವರೇ ನಿಂತಿರುತ್ತಾರೆ. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋದರೂ ಸರಿ ಎಂದು ದೂರದ ಊರಿಗೆ ಹೋಗುವವರ ಲೆಕ್ಕಾಚಾರ ಕಚೇರಿಯ ನಕ್ಷೆಯಲ್ಲಿ ಕಾಣುವುದಿಲ್ಲ.

2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ, ತಿಳಿಸಿ ಒಪ್ಪಿಗೆ ಪಡೆಯದೆ ಚಿಕಿತ್ಸೆ ಕೂಡದೆನ್ನುತ್ತದೆ. ಅದೇ ಕಾಯ್ದೆ, ಮದ್ದು ಒದಗಿಸುವ ಮಾತು ಬಂದಾಗ ‘ಸಾಧ್ಯವಾದಷ್ಟು ಮಟ್ಟಿಗೆ’ ಎಂದು ಜಾಣತನದಿಂದ ಜಾರಿಕೊಳ್ಳುತ್ತದೆ. 2022ರಲ್ಲಿ ಮದ್ದಿನ ಕೊರತೆಯಾಗಿ, ಸೋಂಕಿತರು ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೊದ ಕಚೇರಿಯ ಮುಂದೆ ವಾರಗಟ್ಟಲೆ ಧರಣಿ ಕೂತಾಗ ಆ ಎರಡು ಪದಗಳ ಭಾರ ಗೊತ್ತಾಯಿತು. ಮದ್ದೇ ಇಲ್ಲದಿದ್ದ ಮೇಲೆ ಆಯ್ಕೆ ಎಲ್ಲಿಯದು?

ಈಗ ಚುಚ್ಚುಮದ್ದಿನ ಕಾಲ ಬಾಗಿಲಿಗೆ ಬಂದಿದೆ. ಕ್ಯಾಬೊಟೆಗ್ರಾವಿರ್–ರಿಲ್ಪಿವಿರಿನ್ ಜೋಡಿಯನ್ನು ಎರಡು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ದಿನದ ಗುಳಿಗೆ ಬೇಡ. ಶ್ರೀಮಂತ ದೇಶಗಳಲ್ಲಿ ಬಳಕೆಯಲ್ಲಿದೆ. ಸೋಂಕು ತಡೆಯಲು ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಅನ್ನು 2027ರಿಂದ ವರ್ಷಕ್ಕೆ 40 ಡಾಲರಿನಂತೆ ಬಡ ದೇಶಗಳಿಗೆ ಕೊಡುತ್ತೇವೆಂದು 2025ರಲ್ಲಿ ಹೇಳಿದ ಎರಡು ಕಂಪನಿಗಳೂ ಹೈದರಾಬಾದಿನವು, ಅಂದರೆ ಇದೇ ಹೆದ್ದಾರಿಯ ಆ ತುದಿಯವು. ಚಿಕಿತ್ಸೆಯ ಚುಚ್ಚುಮದ್ದೂ ಒಂದು ದಿನ ನಮ್ಮ ಆಸ್ಪತ್ರೆಗಳಿಗೆ ಬಂದೀತು. ಅತ್ತೆ ಮನೆಯಲ್ಲಿ ಡಬ್ಬಿ ಬಚ್ಚಿಡಲು ಜಾಗವಿಲ್ಲದ ಹೆಣ್ಣುಮಗಳಿಗೆ ಅದು ವರ. ಗುವಾಹಟಿಗೆ ಲೋಡು ಹೊತ್ತು ಹೊರಟು, ಯಾವತ್ತು ಮರಳುತ್ತೇನೆಂದು ತನಗೇ ಗೊತ್ತಿಲ್ಲದ ಚಾಲಕನಿಗೆ ಮೂರು ತಿಂಗಳ ಗುಳಿಗೆಯ ಡಬ್ಬಿಯೇ ಮೇಲು. ಆ ಇಬ್ಬರೂ ಗಂಡ ಹೆಂಡತಿಯೇ ಆಗಿರಬಹುದು.