ಊರಿಗೆ ಹೋದರೆ ಜ್ಯೇಷ್ಠತೆ ಹೋಗಬೇಕೆ?

ಬಸ್ಸಿನ ಚಾಲಕನ ಕೈಯಲ್ಲಿ ಐವತ್ತು ಜನರ ಪ್ರಾಣವಿದೆಯೆಂದು ನಾವೆಲ್ಲರೂ ಹೇಳುತ್ತೇವೆ. ಆ ಚಾಲಕನ ಸಂಸಾರದ ನೆಮ್ಮದಿ ಮಾತ್ರ ಡಿಪೋದ ಕಚೇರಿಯಲ್ಲಿರುವ ಒಂದು ಪಟ್ಟಿಯ ಮೇಲೆ ನಿಂತಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅದು ಜ್ಯೇಷ್ಠತೆಯ ಪಟ್ಟಿ. ಯಾವನು ಎಂದು ಕೆಲಸಕ್ಕೆ ಸೇರಿದನು, ಯಾವನು ಯಾವನಿಗಿಂತ ಮುಂದೆ, ಯಾವನು ಹಿಂದೆ ಎಂಬುದಷ್ಟೇ ಅದರಲ್ಲಿರುತ್ತದೆ. ನೋಡಲು ನೀರಸವಾದ ಕಾಗದ. ಆದರೆ ಹಗಲು ಓಡುವ ಗಾಡಿ ಯಾರಿಗೆ, ರಾತ್ರಿ ಪರಸ್ಥಳದಲ್ಲಿ ತಂಗುವ ‘ನೈಟ್ ಹಾಲ್ಟ್’ ಯಾರಿಗೆ, ಹಬ್ಬದ ರಜೆ ಯಾರಿಗೆ, ಬಡ್ತಿ ಯಾರಿಗೆ, ಕೆಲಸ ಕಡಮೆಯಾದಾಗ ಮನೆಗೆ ಹೋಗುವವನು ಯಾರು ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಆ ಕಾಗದದ ಬಳಿಗೇ ಬರುತ್ತವೆ.

ಸುಲ್ತಾನ್ ಬಜಾರಿನ ನಮ್ಮ ವಾಚಕರಿಗೆ ಈ ವಿಷಯ ದೂರದ್ದಲ್ಲ. ಒಂದು ಪಕ್ಕದಲ್ಲಿ ಕೋಠಿಯ ಬಸ್ಸುಗಳು, ಇನ್ನೊಂದು ಪಕ್ಕದಲ್ಲಿ ಗೌಳಿಗುಡ. ಬೀದರ, ಕಲಬುರ್ಗಿ, ರಾಯಚೂರುಗಳಿಂದ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ಹಿರಿಯರಲ್ಲಿ ಎಷ್ಟೋ ಮಂದಿ ಮೊದಲು ಬಸ್ಸಿಳಿದದ್ದು ಗೌಳಿಗುಡದ ಆ ಬೃಹತ್ತಾದ ಕಮಾನು ಮಾಡಿನ ಕೆಳಗೆ. ನಿಜಾಮರ ಕಾಲದ ಆ ಮಾಡು 2018ರ ಜುಲೈ ತಿಂಗಳಲ್ಲಿ ಕುಸಿದುಬಿದ್ದಿತು. ಮಾಡು ಬಿದ್ದರೂ ಅದರ ಕೆಳಗೆ ಹುಟ್ಟಿದ ಪ್ರಶ್ನೆಗಳು ಮಾತ್ರ ಹಾಗೆಯೇ ಉಳಿದಿವೆ.

ಇಲ್ಲಿಯ ಸಾರಿಗೆ ಇಲಾಖೆಯು 1932ರಲ್ಲಿ ನಿಜಾಮರ ರೈಲ್ವೆಯ ಒಂದು ಅಂಗವಾಗಿ ಹುಟ್ಟಿತು. ಆಗ ಇದ್ದುದು 27 ಬಸ್ಸುಗಳು, 166 ಮಂದಿ ನೌಕರರು. ಅಷ್ಟು ಜನರಲ್ಲಿ ಹಿರಿಯನಾರು ಕಿರಿಯನಾರು ಎಂದು ತಿಳಿಯಲು ಪಟ್ಟಿ ಬೇಕಾಗಿರಲಿಲ್ಲ. ಮುಖ ನೋಡಿದರೆ ಸಾಕಾಗುತ್ತಿತ್ತು. ಇಲಾಖೆ ಬೆಳೆಯಿತು, ರೈಲ್ವೆಯಿಂದ ಸರಕಾರದ ಕೈಗೆ ಬಂದಿತು. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನವೇ ಮೂರು ಪಾಲಾದಾಗ ಬಸ್ಸುಗಳೂ ಮೂರು ಪಾಲಾದವು, ಮನುಷ್ಯರೂ ಮೂರು ಪಾಲಾದರು. ತೆಲಂಗಾಣದವರು ಆಂಧ್ರಪ್ರದೇಶಕ್ಕೆ, ಮರಾಠವಾಡದವರು ಮುಂಬಯಿ ರಾಜ್ಯಕ್ಕೆ, ನಮ್ಮ ಮೂರು ಜಿಲ್ಲೆಗಳವರು ಮೈಸೂರಿಗೆ ಸೇರಿದರು. ಬಸ್ಸನ್ನು ಹಂಚುವುದು ಸುಲಭ. ಅದಕ್ಕೆ ಎಣಿಕೆಯೊಂದಿದ್ದರೆ ಸಾಕು. ಹತ್ತು ವರ್ಷ ದುಡಿದವನ ಹತ್ತು ವರ್ಷವನ್ನು ಹೊಸ ಮನೆಯಲ್ಲಿ ಎಲ್ಲಿ ಇಡಬೇಕು? ಅಲ್ಲಿ ಆಗಲೇ ಹಳೆಯ ಮೈಸೂರಿನವರ ಪಟ್ಟಿಯೊಂದಿತ್ತು. 1948ರಲ್ಲಿ ಆರಂಭವಾಗಿದ್ದ ಮೈಸೂರು ಸರಕಾರದ ಸಾರಿಗೆ ಇಲಾಖೆಗೆ ತನ್ನದೇ ಆದ ಹಿರಿಯರು ಕಿರಿಯರು ಇದ್ದರು.

ರಾಜ್ಯ ಪುನರ್ವಿಂಗಡಣೆಯ ಶಾಸನವನ್ನು ಬರೆದವರಿಗೆ ಈ ತೊಡಕು ತಿಳಿದಿತ್ತೆಂಬುದನ್ನು ಒಪ್ಪಲೇಬೇಕು. ಅದರ 115ನೆಯ ವಿಧಿಯು ಸರಕಾರಿ ಸೇವೆಗಳನ್ನು ಹಂಚುವ, ಕೂಡಿಸುವ ಹೊಣೆಯನ್ನು ಕೇಂದ್ರ ಸರಕಾರಕ್ಕೆ ಒಪ್ಪಿಸಿತು. ನೌಕರರಿಗೆ ನ್ಯಾಯವಾದ ನಡವಳಿಕೆ ದೊರೆಯುವಂತೆ ಸಲಹಾ ಸಮಿತಿಗಳಿಗೆ ಅವಕಾಶವಿತ್ತಿತು. ಕೇಂದ್ರದ ಮುಂಗಡ ಒಪ್ಪಿಗೆಯಿಲ್ಲದೆ ಅವರ ಸೇವಾ ನಿಬಂಧನೆಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸಕೂಡದೆಂದಿತು. ಇಷ್ಟಿದ್ದೂ ಜ್ಯೇಷ್ಠತೆಯ ವ್ಯಾಜ್ಯಗಳು ಇಲಾಖೆ ಇಲಾಖೆಗಳಲ್ಲಿ ದಶಕಗಟ್ಟಲೆ ನಡೆದವು. ಈ ನಗರದ ಕಚೇರಿಗಳಿಂದ ಬೆಂಗಳೂರಿಗೆ ಹೋದ ಹಳೆಯ ಗುಮಾಸ್ತರ ಮನೆಯವರನ್ನು ಕೇಳಿದರೆ ಆ ಕಥೆ ಇನ್ನೂ ಸಿಗುತ್ತದೆ.

ಮನೆ ಒಡೆಯುವುದು ಅಲ್ಲಿಗೇ ನಿಲ್ಲಲಿಲ್ಲ. ಕರ್ನಾಟಕದಲ್ಲಿ 1961ರಲ್ಲಿ ನಿಗಮವಾದ ಸಂಸ್ಥೆಯಿಂದ 1997ರಲ್ಲಿ ಬೆಂಗಳೂರು, ಹುಬ್ಬಳ್ಳಿಗಳ ನಿಗಮಗಳೂ 2000ದಲ್ಲಿ ಕಲಬುರ್ಗಿಯ ನಿಗಮವೂ ಬೇರೆಯಾದವು. ಈ ಕೊನೆಯದಕ್ಕೆ 2021ರಲ್ಲಿ ಕಲ್ಯಾಣ ಕರ್ನಾಟಕದ ಹೆಸರು ಬಂದಿತು. ಇತ್ತ 1958ರಲ್ಲಿ ಸ್ಥಾಪಿತವಾದ ಆಂಧ್ರಪ್ರದೇಶದ ಸಂಸ್ಥೆಯು 2014ರ ರಾಜ್ಯ ವಿಭಜನೆಯ ತರುವಾಯ ಎರಡಾಯಿತು. ಪ್ರತಿ ಸಲವೂ ಪಟ್ಟಿಗಳನ್ನು ಹರಿದು ಮತ್ತೆ ಹೊಲಿಯಬೇಕಾಯಿತು.

ಇನ್ನು ವರ್ಗಾವಣೆಯ ಮಾತು. ಹೈದರಾಬಾದಿನ ಡಿಪೋ ಒಂದರಲ್ಲಿ ಹದಿನೆಂಟು ವರ್ಷ ಗಾಡಿ ನಡೆಸಿದ, ಬೀದರದ ಕಡೆಯ ಚಾಲಕನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಹಳ್ಳಿಯಲ್ಲಿ ತಂದೆ ಹಾಸಿಗೆ ಹಿಡಿದಿದ್ದಾನೆ. ತೆಲಂಗಾಣದ ಗಡಿಯಲ್ಲಿರುವ ಜಹೀರಾಬಾದ್ ಡಿಪೋಗೆ ವರ್ಗವಾದರೆ ಕೆಲಸ ಮುಗಿಸಿ ಮನೆ ಸೇರಬಹುದು. ಸಂಬಳ ಅದೇ, ಸ್ಟಿಯರಿಂಗ್ ಅದೇ, ರಸ್ತೆಯೂ ಅವನು ಕಂಡದ್ದೇ. ಅರ್ಜಿ ಕೊಡುತ್ತಾನೆ. ‘ಸ್ವಂತ ಕೋರಿಕೆಯ ಮೇರೆಗೆ’ ಎಂಬ ಮೂರು ಮಾತುಗಳ ಕೆಳಗೆ ಸಹಿ ಹಾಕುತ್ತಾನೆ. ಜ್ಯೇಷ್ಠತೆಯ ಘಟಕ ಬೇರೆಯಾಗಿದ್ದರೆ ಆ ಸಹಿಯೊಂದಿಗೆ ಅವನ ಹದಿನೆಂಟು ವರ್ಷಗಳು ಕರಗಿಹೋಗುತ್ತವೆ. ಹೊಸ ಡಿಪೋದ ಪಟ್ಟಿಯಲ್ಲಿ ಅವನ ಹೆಸರು ನಿನ್ನೆ ಸೇರಿದ ಹುಡುಗನ ಕೆಳಗೆ ಬರುತ್ತದೆ. ತಂದೆಯ ಬಳಿ ಇರಲೆಂದು ಹೋದವನಿಗೆ ಕಿರಿಯನ ಪಾಲಿನ ನೈಟ್ ಹಾಲ್ಟ್ ಬೀಳುತ್ತದೆ.

ಚಾಲಕರ ಪಟ್ಟಿ ಸಾಮಾನ್ಯವಾಗಿ ಇಡೀ ಸಂಸ್ಥೆಗೆ ಒಂದೇ ಇರುವುದಿಲ್ಲ, ವಿಭಾಗಕ್ಕೋ ಪ್ರಾಂತಕ್ಕೋ ಒಂದೊಂದಿರುತ್ತದೆ. ಆಡಳಿತವರ್ಗವು ತನ್ನ ಅನುಕೂಲಕ್ಕಾಗಿ ನೌಕರನನ್ನು ಕಳುಹಿಸಿದರೆ ಜ್ಯೇಷ್ಠತೆ ಅವನ ಬೆನ್ನ ಹಿಂದೆ ಬರುತ್ತದೆ. ಅವನೇ ಕೇಳಿ ಹೋದರೆ ಬರುವುದಿಲ್ಲ. ಇಬ್ಬರು ಪರಸ್ಪರ ಒಪ್ಪಿ ಸ್ಥಳ ಬದಲಿಸಿಕೊಂಡರೆ ಏನು? ಸಿಕಂದರಾಬಾದಿನ ರೈಲ್ವೆ ಗುಮಾಸ್ತರು ಈ ಸೂತ್ರವನ್ನು ಚೆನ್ನಾಗಿ ಬಲ್ಲರು: ಪರಸ್ಪರ ಬದಲಿಯಲ್ಲಿ ತನ್ನ ಸ್ಥಾನ, ಎದುರಿನವನ ಸ್ಥಾನ ಇವೆರಡರಲ್ಲಿ ಯಾವುದು ಕೆಳಗಿನದೋ ಅದೇ ಪ್ರಾಪ್ತಿ. ಹಿರಿಯನು ಕಳೆದುಕೊಳ್ಳುತ್ತಾನೆ, ಕಿರಿಯನು ಗಳಿಸುವುದಿಲ್ಲ. 2003ರವರೆಗೆ ಹುಬ್ಬಳ್ಳಿಯು ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಯಲ್ಲಿಯೇ ಇದ್ದಿತು. ಅಲ್ಲಿ ಬೇರೆ ವಲಯವಾದ ಮೇಲೆ ಊರಿನ ಕಡೆ ಹೋಗಬೇಕೆನ್ನುವವರಿಗೆ ಈ ಲೆಕ್ಕ ಇನ್ನೂ ಬಿಗಿಯಾಯಿತು.

ಈ ನಿಯಮವನ್ನು ಬರಿಯ ಕ್ರೌರ್ಯವೆಂದು ನಾವು ಹೇಳಲಾರೆವು. ಜಹೀರಾಬಾದಿನ ಡಿಪೋದಲ್ಲಿ ಹನ್ನೆರಡು ವರ್ಷ ರಾತ್ರಿಯ ಗಾಡಿ ನಡೆಸಿ, ನಾಳೆ ಹಗಲಿನ ಸರದಿ ಬರುವುದೆಂದು ಕಾದಿರುವ ಮತ್ತೊಬ್ಬ ಚಾಲಕನೂ ಇದ್ದಾನಷ್ಟೆ? ಹದಿನೆಂಟು ವರ್ಷದವನು ಬಂದು ಅವನ ಮುಂದೆ ನಿಂತರೆ ಅವನ ಹನ್ನೆರಡು ವರ್ಷಕ್ಕೆ ಏನು ಬೆಲೆ? ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಅವನಿಗೂ ತಂದೆಯಿದ್ದಾನೆ. ಒಬ್ಬನಿಗೆ ದಯೆ ತೋರಲು ಇನ್ನೊಬ್ಬನ ಸರದಿಯನ್ನು ಕಸಿಯುವುದು ನ್ಯಾಯವಲ್ಲ. ಕಾರ್ಮಿಕ ಸಂಘಗಳು ಈ ನಿಯಮದ ವಿಷಯದಲ್ಲಿ ಗಟ್ಟಿಯಾಗಿ ಬಾಯಿಬಿಡದಿರುವುದಕ್ಕೆ ಇದೇ ಕಾರಣ. ಹೋಗುವವನೂ ಸದಸ್ಯ, ಕಾಯುವವನೂ ಸದಸ್ಯ.

ಆದರೆ ಜ್ಯೇಷ್ಠತೆಯೆಂಬುದು ಅವಿಭಾಜ್ಯವಾದ ಒಂದೇ ಗಂಟೆಂದು ತಿಳಿಯುವುದರಲ್ಲಿ ದೋಷವಿದೆ. ಅಮೆರಿಕದ ಲಾರಿ ಚಾಲಕರ ಪ್ರಬಲ ಸಂಘವಾದ ಟೀಮ್‌ಸ್ಟರ್ಸ್ 1964ರಲ್ಲಿ ಇಡೀ ದೇಶದ ಸರಕು ಸಾಗಣೆಗೆ ಒಂದೇ ಕರಾರು ಮಾಡಿಕೊಂಡಿತು. ಅಲ್ಲಿಯೂ ಒಂದು ಸಾಗಣೆ ಕೇಂದ್ರ ಮುಚ್ಚಿ ಇನ್ನೊಂದರಲ್ಲಿ ಸೇರಿದಾಗ ಇದೇ ಜಗಳ. ಎರಡು ಪಟ್ಟಿಗಳನ್ನು ಸೇರಿದ ದಿನಾಂಕದಂತೆ ಹೆಣೆಯಬೇಕೋ, ಬಂದವರನ್ನು ಬಾಲಕ್ಕೆ ಅಂಟಿಸಬೇಕೋ? ಎರಡಕ್ಕೂ ಅಲ್ಲಿ ಬೇರೆ ಬೇರೆ ಹೆಸರುಗಳೇ ಇವೆ. ಆದರೆ ಅವರು ಕಂಪನಿಯ ಜ್ಯೇಷ್ಠತೆಯೆಂದೂ ಕೇಂದ್ರದ ಜ್ಯೇಷ್ಠತೆಯೆಂದೂ ಭೇದ ಮಾಡುವುದನ್ನು ಕಲಿತರು. ರಜೆಯ ದಿನಗಳಂಥ ಸೌಕರ್ಯಗಳು ಕಂಪನಿಯಲ್ಲಿ ದುಡಿದ ಒಟ್ಟು ವರ್ಷಗಳಂತೆ. ಯಾವ ಗಾಡಿ, ಯಾವ ಹೊತ್ತು ಎಂಬ ಆಯ್ಕೆಯು ಆ ಸ್ಥಳದಲ್ಲಿ ನಿಂತ ಸರದಿಯಂತೆ.

ನಮ್ಮ ಸರ್ವೋಚ್ಚ ನ್ಯಾಯಾಲಯವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳಿದೆ. ತನ್ನ ಕೋರಿಕೆಯಿಂದ ವರ್ಗವಾಗಿ ಪಟ್ಟಿಯ ಬುಡಕ್ಕೆ ಇಳಿದ ನೌಕರಳೊಬ್ಬಳ 1994ರ ಮೊಕದ್ದಮೆಯಲ್ಲಿ, ಜ್ಯೇಷ್ಠತೆ ಹೋದರೂ ಹಿಂದಿನ ಸೇವೆಯೇ ಅಳಿಸಿಹೋಗುವುದಿಲ್ಲ, ಬಡ್ತಿಗೆ ಬೇಕಾದ ಅರ್ಹತೆಯ ವರ್ಷಗಳಿಗೆ ಅದನ್ನು ಎಣಿಸತಕ್ಕದ್ದೆಂದು ತೀರ್ಪಾಯಿತು. 1998ರ ಇನ್ನೊಂದು ತೀರ್ಪೂ ಹಾಗೆಯೇ. ಸಾಲಿನಲ್ಲಿ ಹಿಂದೆ ನಿಲ್ಲುವುದು ಬೇರೆ, ಸಾಲಿಗೆ ನಿಲ್ಲುವ ಯೋಗ್ಯತೆಯೇ ಇಲ್ಲವೆಂಬುದು ಬೇರೆ. ಈ ಭೇದವನ್ನು ಡಿಪೋಗಳ ಗುಮಾಸ್ತರೆಲ್ಲರೂ ಅರಿತರೆ ಎಷ್ಟೋ ಕಣ್ಣೀರು ಉಳಿಯುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಕೋರಿಕೆಯಿಂದ ಹೋದವನು ಗಾಡಿಯ ಆಯ್ಕೆಯಲ್ಲಿಯೂ ಬಡ್ತಿಯ ಕ್ರಮದಲ್ಲಿಯೂ ಹೊಸ ಸ್ಥಳದವರ ಹಿಂದೆ ನಿಲ್ಲಲಿ; ಅಲ್ಲಿಯವರ ಸರದಿ ಅವರದೇ. ಉಳಿದುದೆಲ್ಲವೂ, ಅಂದರೆ ಸಂಬಳದ ಮಟ್ಟ, ರಜೆ, ಗ್ರಾಚ್ಯುಟಿ, ಅರ್ಹತೆಯ ವರ್ಷಗಳು, ಅವನ ಜೊತೆಯಲ್ಲಿ ಹೋಗಬೇಕು, ಮತ್ತು ಹಾಗೆ ಹೋಗುವುದೆಂದು ವರ್ಗದ ಆಜ್ಞೆಯಲ್ಲಿಯೇ ಬರೆದಿರಬೇಕು. ತಂದೆತಾಯಿಯ ಕಾಯಿಲೆಗಾಗಿ ಹೋದವನಿಗೆ ಕೆಲವು ಕಾಲವಾದರೂ ರಾತ್ರಿ ತಂಗುವ ಗಾಡಿಯಿಂದ ಬಿಡುವು ಕೊಡುವುದು ಡಿಪೋದ ಒಳಗೇ ಮಾಡಬಹುದಾದ ಏರ್ಪಾಡು. ಅದಕ್ಕೆ ಯಾವ ಶಾಸನವೂ ಬೇಡ, ಮನಸ್ಸೊಂದು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ವರ್ಗದ ಅರ್ಜಿಗಳಿಗೇ ಒಂದು ಸರದಿ ಪಟ್ಟಿಯನ್ನು ಮಾಡಿ ಡಿಪೋದ ಗೋಡೆಯ ಮೇಲೆ ಅಂಟಿಸತಕ್ಕದ್ದು. ಜ್ಯೇಷ್ಠತೆ ಕಳೆದುಕೊಳ್ಳಲು ಒಪ್ಪಿದರೂ ವರ್ಗ ಸಿಕ್ಕದೆ ವರ್ಷಗಟ್ಟಲೆ ಕಾಯುವವನನ್ನು ವಶೀಲಿಯವನು ದಾಟಿಹೋಗುವುದು ಗೋಡೆಯ ಮೇಲೆ ಪಟ್ಟಿಯಿಲ್ಲದ ಕಡೆಯಲ್ಲಿಯೇ.

ವರ್ಗಾವಣೆಗೆ ಇನ್ನೊಂದು ಮುಖವಿದೆ. ಬೇಡಿದವನಿಗೆ ಸಿಕ್ಕದ ವರ್ಗವು ಬೇಡದವನನ್ನು ಹುಡುಕಿಕೊಂಡು ಬರುತ್ತದೆ. 2021ರ ಏಪ್ರಿಲಿನಲ್ಲಿ ಕರ್ನಾಟಕದ ಸಾರಿಗೆ ನೌಕರರು ಆರನೆಯ ವೇತನ ಆಯೋಗದ ಸಂಬಳಕ್ಕಾಗಿ ಮುಷ್ಕರ ಹೂಡಿದಾಗ ಅಮಾನತು, ವಜಾಗಳ ಜೊತೆಯಲ್ಲಿ ದೂರದೂರಿನ ವರ್ಗಾವಣೆಗಳೂ ನಡೆದವು. ವರ್ಗವು ಸೇವೆಯ ಸಹಜ ಅಂಗವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ, ಅದು ನಿಜ. ಆದರೆ ಆಡಳಿತದ ನೀತಿಯ ಸೋಗಿನಲ್ಲಿ ದುರುದ್ದೇಶದಿಂದ ಕಾರ್ಮಿಕನನ್ನು ವರ್ಗ ಮಾಡುವುದು ಅನುಚಿತ ಕಾರ್ಮಿಕ ನಡವಳಿಕೆಯೆಂದು ಔದ್ಯೋಗಿಕ ವಿವಾದ ಕಾಯಿದೆಯ ಐದನೆಯ ಅನುಸೂಚಿಯು ಸ್ಪಷ್ಟವಾಗಿ ಹೇಳಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನಕ್ಕೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲಿಯೂ ಈ ಮಾತು ಉಳಿದಿದೆ. ಉಳಿದಿದ್ದರೆ ಸಾಲದು, ದುರುದ್ದೇಶವನ್ನು ರುಜುವಾತು ಮಾಡಬೇಕು. ಒಬ್ಬಂಟಿ ಚಾಲಕನಿಂದ ಅದಾಗುವುದಿಲ್ಲ, ಸಂಘ ಬೇಕು. ಈ ನಗರದಲ್ಲಿ 2019ರ ಅಕ್ಟೋಬರ್ 5ರಂದು ಆರಂಭವಾದ ಮುಷ್ಕರವು 52 ದಿನ ನಡೆದು ಹಿಂತೆಗೆಯಲ್ಪಟ್ಟಿತು. ಕೆಲಸಕ್ಕೆ ಬಾರದವರು ತಾವಾಗಿಯೇ ನೌಕರಿ ಕಳೆದುಕೊಂಡರೆಂದು ಆಗಿನ ಸರಕಾರವು ಹೇಳಿದ್ದರೂ ಕೊನೆಗೆ ಕೆಲಸಕ್ಕೆ ಕರೆಯಿತು. ಅದರ ಬೆನ್ನಿಗೇ ಡಿಪೋಗಳಲ್ಲಿ ಸಂಘಗಳ ಬದಲು ಕ್ಷೇಮ ಸಮಿತಿಗಳು ಬಂದವು. ಸಮಿತಿಯು ಶೌಚಾಲಯ, ವಿಶ್ರಾಂತಿ ಕೋಣೆಗಳನ್ನು ಕೇಳಬಲ್ಲದು. ಅಧಿಕಾರಿಯ ಎದುರು ಪಟ್ಟಿಯನ್ನು ಹಿಡಿದು ‘ಈ ಹೆಸರು ಇಲ್ಲಿ ಹೇಗೆ ಬಂದಿತು?’ ಎಂದು ಕೇಳುವುದು ಅದರ ಕೈಲಾಗುವ ಕೆಲಸವೇ ಎಂಬ ಶಂಕೆ ನಮಗಿದೆ. ಸಂಘದವರಿಗೂ ಒಂದು ಮಾತು: ಪದಾಧಿಕಾರಿಗಳು ತಮ್ಮ ವರ್ಗವನ್ನು ಮಾತ್ರ ತಪ್ಪಿಸಿಕೊಂಡು ಕುಳಿತರೆ ಸಾಮಾನ್ಯ ಸದಸ್ಯನಿಗೆ ಸಂಘವೂ ಒಂದು ವಶೀಲಿಯಂತೆಯೇ ಕಾಣುತ್ತದೆ.

ಇದನ್ನೆಲ್ಲ ಓದಿ ನಮ್ಮ ಹೋಟೆಲು ಕಾರ್ಮಿಕ ಬಂಧುಗಳು ನಗಬಹುದು. ಬೇಗಂ ಬಜಾರಿಗೆ ಸರಕು ತರುವ ಲಾರಿಯ ಚಾಲಕನಿಗೂ ಇಂಥ ಪಟ್ಟಿಯಿಲ್ಲ, ಹೋಟೆಲಿನ ಮಾಣಿಗೂ ಇಲ್ಲ. ಲೋಟ ತೊಳೆಯಲು ಸೇರಿದ ಹುಡುಗ ಸಪ್ಲಾಯರ್ ಆಗುವುದೂ, ಸಪ್ಲಾಯರ್ ಗಲ್ಲಾದ ಮೇಲೆ ಕೂರುವುದೂ ಧಣಿಗಳ ಮರ್ಜಿ. ಇಪ್ಪತ್ತು ವರ್ಷ ದುಡಿದವನು ಊರಿಗೆ ಹೋಗಿ ಎರಡು ತಿಂಗಳು ಬಿಟ್ಟು ಬಂದರೆ ಅವನ ಜಾಗದಲ್ಲಿ ಬೇರೊಬ್ಬನಿರುತ್ತಾನೆ. ಚಾಲಕನು ಕಳೆದುಕೊಳ್ಳಲು ಅಂಜುವ ವಸ್ತುವನ್ನು ಇವರು ಪಡೆದೇ ಇಲ್ಲ. ಆದರೂ ಕೊನೆಗೆ ಬಂದವನು ಮೊದಲು ಹೋಗಬೇಕೆಂಬ ತತ್ತ್ವವು 1953ರ ತಿದ್ದುಪಡಿಯಿಂದ ಔದ್ಯೋಗಿಕ ವಿವಾದ ಕಾಯಿದೆಗೆ ಬಂದಿತು, ಸಂಹಿತೆಯಲ್ಲಿಯೂ ಇದೆ. ಇಲ್ಲಿಯ ಅಂಗಡಿ ಮತ್ತು ಸಂಸ್ಥೆಗಳ 1988ರ ಕಾಯಿದೆಯು ಆರು ತಿಂಗಳು ಎಡೆಬಿಡದೆ ದುಡಿದವನನ್ನು ಯುಕ್ತ ಕಾರಣವಿಲ್ಲದೆ, ಒಂದು ತಿಂಗಳ ನೋಟೀಸಿಲ್ಲದೆ ತೆಗೆಯಕೂಡದೆನ್ನುತ್ತದೆ. ಇವೆಲ್ಲವೂ ಒಂದು ಪ್ರಶ್ನೆಯ ಮೇಲೆ ನಿಂತಿವೆ: ನೀನು ಎಂದು ಸೇರಿದೆ? ಅದಕ್ಕೆ ಕಾಗದದ ಉತ್ತರ ಬೇಕು. ಸಂಬಳದ ಚೀಟಿಯಾಗಲಿ, ಭವಿಷ್ಯನಿಧಿಯ ಸಂಖ್ಯೆಯಾಗಲಿ, ಧಣಿಗಳ ಸಹಿಯ ಒಂದು ಪತ್ರವಾಗಲಿ ಪೆಟ್ಟಿಗೆಯಲ್ಲಿರಲಿ.

ಗುಮಾಸ್ತರೂ ಚಾಲಕರೂ ನೆನಪಿಡಬೇಕಾದುದು ಮತ್ತೊಂದಿದೆ. ಜ್ಯೇಷ್ಠತೆಯ ಪಟ್ಟಿಯನ್ನು ಮೊದಲು ತಾತ್ಕಾಲಿಕವಾಗಿ ಪ್ರಕಟಿಸಿ ಆಕ್ಷೇಪಣೆಗಳನ್ನು ಕರೆಯುವುದು ರೂಢಿ. ಆಗ ಸುಮ್ಮನಿದ್ದು, ಕಿರಿಯನು ಬಡ್ತಿ ಪಡೆದು ಹತ್ತು ವರ್ಷವಾದ ಮೇಲೆ ಎಚ್ಚೆತ್ತು ಮೊಕದ್ದಮೆ ಹೂಡಿದವರನ್ನು ನ್ಯಾಯಾಲಯಗಳು 1975ರಿಂದಲೂ ಬರಿಗೈಯಲ್ಲಿ ಕಳುಹಿಸುತ್ತ ಬಂದಿವೆ. ನೆಲೆನಿಂತ ಪಟ್ಟಿಯನ್ನು ಕದಲಿಸಲಾಗದೆಂಬುದು ಅವುಗಳ ಉತ್ತರ. ಪಟ್ಟಿ ಗೋಡೆಯ ಮೇಲೆ ಬಂದ ದಿನವೇ ಹೋಗಿ ಹೆಸರನ್ನು ಓದಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಬರೆದುಕೊಟ್ಟು, ಕೊಟ್ಟುದಕ್ಕೆ ರಸೀದಿ ಪಡೆದುಕೊಳ್ಳಿರಿ.