ಕತ್ತರಿಯಾದ ಡಿಎನ್‌ಎ

ವಂಶವಾಹಿ ಮಾಹಿತಿಯನ್ನು ಕಾಪಿಡುವುದೇ ಡಿಎನ್‌ಎಯ ಕೆಲಸವೆಂಬುದು ಶಾಲೆಯ ಪಾಠ. 1994ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ರೊನಾಲ್ಡ್ ಬ್ರೇಕರ್ ಮತ್ತು ಜೆರಾಲ್ಡ್ ಜಾಯ್ಸ್, ಕಿಣ್ವದಂತೆ ಆರ್‌ಎನ್‌ಎ ಬಂಧವನ್ನು ಕತ್ತರಿಸುವ ಡಿಎನ್‌ಎಯನ್ನು ರೂಪಿಸಿದರು. ರೋಗಪತ್ತೆಗಾಗಿ ಇಂಥ ಕತ್ತರಿಯನ್ನು ಎರಡು ಭಾಗ ಮಾಡಿಡುವ ವಿಧಾನವುಂಟು. ರೋಗಾಣುವಿನ ನಿರ್ದಿಷ್ಟ ಅಕ್ಷರಸಾಲು ದೊರೆತಾಗ ಮಾತ್ರ ಅವೆರಡೂ ಅದರ ಮೇಲೆ ಅಕ್ಕಪಕ್ಕ ಕುಳಿತು ಒಂದಾಗುತ್ತವೆ. ಸಂಜ್ಞೆಯ ಎಳೆಯನ್ನು ತುಂಡರಿಸುತ್ತವೆ. ಅದರಲ್ಲಿ ಅಡಗಿಸಿದ್ದ ಬೆಳಕು ಹೊಮ್ಮುತ್ತದೆ. ಇಬ್ಬರು ಸಾಕ್ಷಿಗಳೂ ಒಪ್ಪಿದರಷ್ಟೇ ತೀರ್ಪು. ಹೀಗೆ ಒಂದಕ್ಷರದ ವ್ಯತ್ಯಾಸವನ್ನೂ ಗುರುತಿಸಬಹುದು; ರೋಗಾಣು ಔಷಧಕ್ಕೆ ಮಣಿಯದಿರಲು ಕೆಲವೊಮ್ಮೆ ಆ ಒಂದಕ್ಷರವೇ ಕಾರಣ. ಮಾದರಿಯಲ್ಲಿ ಗುರಿ ತೀರ ಅಲ್ಪವಿದ್ದರೆ ಅದನ್ನು ಪಿಸಿಆರ್‌ನಂಥ ವಿಧಾನದಿಂದ ಮೊದಲು ಹೆಚ್ಚಿಸಿಕೊಳ್ಳಬೇಕು. ಆದರೂ ಪ್ರೋಟೀನು ಕಿಣ್ವಗಳಂತೆ ಶಾಖಕ್ಕೆ ಬೇಗ ಕೆಡದ ಈ ಕತ್ತರಿ, ಸಣ್ಣ ಊರಿನ ಆರೋಗ್ಯಕೇಂದ್ರಕ್ಕೂ ಒದಗಬಹುದೆಂಬ ಭರವಸೆಯಿದೆ. ಜ್ವರದ ಮಗುವಿಗೆ ನಾಟದ ಔಷಧದಲ್ಲಿ ಕಳೆದ ದಿನಗಳು ಮರಳಿ ಬಾರವು.