ಕೇಳುವವರ ಕುರ್ಚಿ

ಆಸ್ಟ್ರೇಲಿಯಾದ ಎಬಿಸಿ ವಾಹಿನಿ ತನ್ನ ‘ಕ್ಯೂ ಅಂಡ್ ಎ’ ಕಾರ್ಯಕ್ರಮವನ್ನು ಇನ್ನು ನಡೆಸುವುದಿಲ್ಲವೆಂದು 2025ರ ಜೂನ್‌ನಲ್ಲಿ ಹೇಳಿತು. 17 ವರ್ಷ ನಡೆದ ರಾಜಕೀಯ ಚರ್ಚೆ ಅದು. 2008ರ ಮೇ ತಿಂಗಳಲ್ಲಿ ಶುರುವಾದಾಗ ಮೊದಲ ಕಂತಿಗೆ ಬಂದು ಕೂತವರು ಆಗಿನ ಪ್ರಧಾನಿ ಕೆವಿನ್ ರಡ್. ಪ್ರಶ್ನೆ ಕೇಳಿದವರು ಸ್ಟುಡಿಯೊಗೆ ಬಂದಿದ್ದ ಸಾಮಾನ್ಯ ಜನ.

ಅಷ್ಟು ದೂರದ ಟಿ.ವಿ. ಕಾರ್ಯಕ್ರಮವೊಂದು ನಿಂತರೆ ತುಮಕೂರಿನ ಪತ್ರಿಕೆಗೇನು ಬಂತು? ಅದರ ಕೊನೆಯ ಕಂತು ಪ್ರಸಾರವಾದದ್ದು ಮೇ 26ರಂದು. ಅದೇ ವಾರದ ಶನಿವಾರ, ಮೇ 31ರಂದು, ಗುಬ್ಬಿ ತಾಲ್ಲೂಕಿನಲ್ಲಿ ನಿಷೇಧಾಜ್ಞೆ ಜಾರಿಯಲ್ಲಿದ್ದರೂ ಸಾವಿರಾರು ಜನ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಕಾಮಗಾರಿಯ ವಿರುದ್ಧ ಬೀದಿಗಿಳಿದರು. ಅಲ್ಲಿಗೂ ಇಲ್ಲಿಗೂ ಸಂಬಂಧವಿಲ್ಲ, ನಿಜ. ಆದರೆ ಎರಡೂ ಸುದ್ದಿಯನ್ನು ಹೆಚ್ಚುಕಡಿಮೆ ಒಟ್ಟಿಗೇ ಓದಿದವರಿಗೆ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡದಿರಲು ಆಗುವುದಿಲ್ಲ.

‘ಕ್ಯೂ ಅಂಡ್ ಎ’ ದೊಡ್ಡ ಆದರ್ಶವೇನೂ ಆಗಿರಲಿಲ್ಲ. ಬರಬರುತ್ತ ಅದಕ್ಕೂ ಜಡ್ಡು ಹಿಡಿದಿತ್ತು, ನೋಡುವವರು ಕಡಿಮೆಯಾಗಿದ್ದರು. ಆದರೂ ಆಳುವವರ ನಿದ್ದೆ ಕೆಡಿಸುವ ಕಸುವು ಒಂದು ಕಾಲಕ್ಕೆ ಅದಕ್ಕಿತ್ತು. 2015ರಲ್ಲಿ ಪ್ರಧಾನಿ ಟೋನಿ ಅಬಾಟ್ ತಮ್ಮ ಮಂತ್ರಿಗಳು ಆ ಕಾರ್ಯಕ್ರಮಕ್ಕೆ ಹೋಗಕೂಡದೆಂದು ತಡೆದಿದ್ದರು. ಹಿಂದೊಮ್ಮೆ ಭಯೋತ್ಪಾದನೆಯ ಆರೋಪದಿಂದ ಖುಲಾಸೆಯಾಗಿದ್ದ ಒಬ್ಬ ಪ್ರೇಕ್ಷಕ ಸ್ಟುಡಿಯೊದಲ್ಲಿ ಕೂತು ಕೇಳಿದ ಪ್ರಶ್ನೆಯಿಂದ ಎದ್ದ ಗಲಾಟೆ ಅದು. ಇಂಗ್ಲೆಂಡಿನ ಬಿಬಿಸಿಯಲ್ಲಿ 1979ರಿಂದ ನಡೆಯುತ್ತಿರುವ ‘ಕ್ವೆಶ್ಚನ್ ಟೈಮ್’ ಇದೇ ಜಾತಿಯದು. ಅದರಲ್ಲಿ ನಮಗೆ ಹಿಡಿಸಿದ ಸಂಗತಿಯೆಂದರೆ ಅದು ಊರೂರು ಸುತ್ತುತ್ತದೆ. ಮಂತ್ರಿಗಳು, ಎದುರಾಳಿಗಳು ಆ ವಾರ ಯಾವ ಊರೋ ಅಲ್ಲಿಗೇ ಹೋಗಿ, ಅಲ್ಲಿಯವರ ಮುಂದೆಯೇ ಕೂರಬೇಕು.

ನಮ್ಮಲ್ಲಿ ಇಂಥದ್ದು ನಿಂತುಹೋಯಿತೆಂದು ಕೊರಗುವ ಹಾಗಿಲ್ಲ, ಏಕೆಂದರೆ ಸರಿಯಾಗಿ ಶುರುವೇ ಆಗಲಿಲ್ಲ. 1985ರಲ್ಲಿ ದೂರದರ್ಶನ ‘ಜನವಾಣಿ’ ಎಂಬ ಹಿಂದಿ ಕಾರ್ಯಕ್ರಮದಲ್ಲಿ ಕೇಂದ್ರ ಮಂತ್ರಿಗಳನ್ನು ಜನರೆದುರು ಕೂರಿಸಿತ್ತು; ಅದು ಬಹುಕಾಲ ಬಾಳಲಿಲ್ಲ. ಕನ್ನಡಕ್ಕೆ 2006ರಲ್ಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ ಬಂದವು. ಸಂಜೆಯಾದರೆ ಚರ್ಚೆಗೇನೂ ಬರವಿಲ್ಲ. ಕಾಂಗ್ರೆಸ್ಸಿಗೊಂದು ಚೌಕ, ಬಿಜೆಪಿಗೊಂದು, ಜೆಡಿಎಸ್‌ಗೊಂದು, ಮಿಕ್ಕ ಚೌಕದಲ್ಲಿ ‘ರಾಜಕೀಯ ವಿಶ್ಲೇಷಕರು’. ನಾಲ್ವರೂ ಒಟ್ಟಿಗೆ ಕೂಗಿಕೊಳ್ಳುವಾಗ ನಿರೂಪಕರು ಬ್ರೇಕ್ ತೆಗೆದುಕೊಳ್ಳುತ್ತಾರೆ. ಕೇಳುವವರಿಗೆ ಅಲ್ಲಿ ಕುರ್ಚಿಯಿಲ್ಲ.

ಹೇಮಾವತಿ ವಿಷಯವನ್ನು ಈ ಚೌಕಗಳಲ್ಲಿ ತುಂಬಲು ಹೋದರೆ ಏನಾಗುತ್ತದೆ ನೋಡಿ. ಗೊರೂರು ಜಲಾಶಯದಿಂದ ಹೊರಟ ತುಮಕೂರು ನಾಲೆ ನಮ್ಮ ಜಿಲ್ಲೆಯ ತಾಲ್ಲೂಕುಗಳನ್ನು ಹಾದು ಬರುತ್ತದೆ. ಕುಣಿಗಲ್ಲು ಅದರ ಕಡೇ ಭಾಗ. ಮೇಲಿನವರ ತೂಬು ದಾಟಿ ನಮ್ಮ ಪಾಲಿನ ನೀರು ನಮಗೆ ಮುಟ್ಟುವುದೇ ಇಲ್ಲ ಎನ್ನುವುದು ಕುಣಿಗಲ್ಲಿನವರ ಹಳೆಯ ದೂರು. ಅದಕ್ಕೇ ಸುಮಾರು 1,000 ಕೋಟಿ ರೂಪಾಯಿ ವೆಚ್ಚದಲ್ಲಿ, ಗುಬ್ಬಿ ತಾಲ್ಲೂಕಿನಲ್ಲಿ ನಾಲೆಯಿಂದ ನೀರು ತೆಗೆದು ಪೈಪಿನಲ್ಲಿ ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಯೋಜನೆ. ಗುಬ್ಬಿಯವರು ಕೇಳುವುದು: ಮೇಲೆಯೇ ಪೈಪು ಹಾಕಿ ಎಳೆದುಕೊಂಡರೆ ನಡುವಿನ ಕೆರೆಗಳ ಗತಿಯೇನು? ಕುಣಿಗಲ್ಲಿನ ಹೆಸರು ಹೇಳಿ ನೀರು ಮಾಗಡಿಗೆ, ಅದರಾಚೆಗೆ ಹೋಗುವುದಿಲ್ಲವೆಂದು ಬರೆದುಕೊಡುವವರು ಯಾರು? ಇವೆರಡರ ನಡುವೆ ತುಮಕೂರು ನಗರ ಸುಮ್ಮನೆ ಕೂತಿದೆ. ನಮ್ಮ ನಲ್ಲಿಗೆ ಬುಗುಡನಹಳ್ಳಿ ಕೆರೆಯಿಂದ ಬರುವುದೂ ಹೇಮಾವತಿಯೇ ಎಂಬುದು ಬೇಸಿಗೆಯಲ್ಲಿ ಮಾತ್ರ ನೆನಪಾಗುತ್ತದೆ.

ಈಗ ಚೌಕ ಹಂಚಿ. ಗುಬ್ಬಿಯ ಶಾಸಕರು ಎಸ್.ಆರ್. ಶ್ರೀನಿವಾಸ್, ಕುಣಿಗಲ್ಲಿನವರು ಡಾ. ಎಚ್.ಡಿ. ರಂಗನಾಥ್, 2023ರಲ್ಲಿ ಇಬ್ಬರೂ ಗೆದ್ದದ್ದು ಕಾಂಗ್ರೆಸ್ಸಿನಿಂದ. ನೀರಾವರಿ ಖಾತೆಯ ಡಿ.ಕೆ. ಶಿವಕುಮಾರ್, ಜಿಲ್ಲಾ ಉಸ್ತುವಾರಿಯ ಜಿ. ಪರಮೇಶ್ವರ ಅವರದೂ ಅದೇ ಪಕ್ಷ. ಸಾಲದ್ದಕ್ಕೆ ಲೋಕಸಭೆಗೆ ಗುಬ್ಬಿ ತುಮಕೂರು ಕ್ಷೇತ್ರಕ್ಕೆ ಸೇರಿದರೆ ಕುಣಿಗಲ್ಲು ಬೆಂಗಳೂರು ಗ್ರಾಮಾಂತರಕ್ಕೆ. ಎರಡೂ ತಾಲ್ಲೂಕಿಗೆ ಒಟ್ಟಾಗಿ ಉತ್ತರ ಹೇಳಬೇಕಾದ ಸಂಸದರೇ ಇಲ್ಲ. ಜಗಳ ಇರುವುದು ನಾಲೆಯ ಮೇಲಿನವರಿಗೂ ಕೆಳಗಿನವರಿಗೂ. ಪಕ್ಷದ ಲೆಕ್ಕದಲ್ಲಿ ಜನರನ್ನು ಕರೆಸುವ ಚರ್ಚೆಗೆ ಈ ಜಗಳ ಕಣ್ಣಿಗೇ ಬೀಳದು. ಬಿದ್ದದ್ದು ಜನ ಬೀದಿಗೆ ಇಳಿದಾಗ, ಅದೂ ಒಂದೆರಡು ದಿನ.

ಹಾಗೆಂದು ಎದುರಾಳಿಯ ಮಾತು ಪೂರ್ತಿ ಕೇಳುವ ಅಭ್ಯಾಸ ನಮ್ಮ ಸೀಮೆಗೆ ಇಲ್ಲವೆ? ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದು ಹಳೆಯ ಮಾತಾಯಿತು. ಅದೇ ಕಥೆಯನ್ನು ಇವತ್ತಿಗೂ ಈ ಮೂರೂ ಊರುಗಳ ಸುತ್ತ ರೈತರು, ಮೇಷ್ಟ್ರುಗಳು, ಗ್ರಾಮ ಪಂಚಾಯಿತಿ ಸದಸ್ಯರು ತಾವೇ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ಕಲಿತು ಆಡುತ್ತಾರೆ. ಕೃಷ್ಣನ ಪಾತ್ರಕ್ಕೆ ಎಷ್ಟು ಬೇಡಿಕೆಯೆಂದರೆ ಒಂದೇ ನಾಟಕದಲ್ಲಿ ಇಬ್ಬರು ಮೂವರು ಕೃಷ್ಣರು ಸರದಿಯಲ್ಲಿ ಬರುವುದುಂಟು. ಸಂಧಾನದ ಸೀನಿಗಾಗಿ ಜನ ನಿದ್ದೆಗೆಟ್ಟು ಕಾಯುತ್ತಾರೆ. ಕೃಷ್ಣ ಐದು ಊರು ಕೇಳಿ ಹಾಡು ಮುಗಿಸುವವರೆಗೆ ದುರ್ಯೋಧನ ಬಾಯಿ ಹಾಕುವಂತಿಲ್ಲ. ದುರ್ಯೋಧನನ ಸರದಿ ಬಂದಾಗ ಕೃಷ್ಣನೂ ಅಷ್ಟೆ. ದುರ್ಯೋಧನ ಚೆನ್ನಾಗಿ ಹಾಡಿದರೆ ಶಿಳ್ಳೆ, ಹಾರ, ಒನ್ಸ್ ಮೋರ್ ಎಲ್ಲ ಅವನಿಗೂ ಸಲ್ಲುತ್ತವೆ. ಅವನದು ತಪ್ಪೆಂದು ಗೊತ್ತಿದ್ದ ಜನವೇ ಅವನ ಪದ್ಯವನ್ನು ಮತ್ತೊಮ್ಮೆ ಹಾಡಿಸುತ್ತಾರೆ. ಈ ಪ್ರೇಕ್ಷಕರಿಗೆ ಪ್ರೈಮ್ ಟೈಮ್‌ನ ಕಿರುಚಾಟ ಸಾಕು ಎಂದು ತೀರ್ಮಾನಿಸಿದವರು ಸಂಧಾನದ ರಾತ್ರಿ ಒಮ್ಮೆ ಬಂದು ಕೂರಬೇಕಿತ್ತು.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ತುಮಕೂರಿನಲ್ಲಿ ವೀರಣ್ಣನವರ ಹೆಸರಿನದೇ ಕಲಾಕ್ಷೇತ್ರವಿದೆ. ಅಲ್ಲಿ ಒಂದು ಮಧ್ಯಾಹ್ನ ಗುಬ್ಬಿಯವರು ಒಂದು ಕಡೆ, ಕುಣಿಗಲ್ಲಿನವರು ಒಂದು ಕಡೆ ಕೂರಲಿ. ವೇದಿಕೆ ಮೇಲೆ ಮಂತ್ರಿಗಳು, ಇಬ್ಬರು ಶಾಸಕರು, ಜತೆಗೆ ಕಾವೇರಿ ನೀರಾವರಿ ನಿಗಮದ ಎಂಜಿನಿಯರು ನಾಲೆಯ ಗೇಜ್ ಪುಸ್ತಕದೊಂದಿಗೆ. ಯಾವ ವರ್ಷ, ಯಾವ ತೂಬಿನಲ್ಲಿ, ಎಷ್ಟು ನೀರು ಹರಿಯಿತು ಎಂಬುದನ್ನು ಅವರು ಗಟ್ಟಿಯಾಗಿ ಓದಲಿ. ಪಕ್ಷದ ವಕ್ತಾರರಿಗೆ ಆಹ್ವಾನ ಬೇಡ. ವಾಹಿನಿಯವರು ಬಂದು ಚಿತ್ರೀಕರಿಸುವುದಾದರೆ ಬರಲಿ, ಬ್ರೇಕ್ ಇಲ್ಲದೆ.

ಅದು ಆಗುವವರೆಗೆ ನಮ್ಮ ಕೈಲಾದದ್ದು: ಮುಂದಿನ ಸಂಚಿಕೆಯಲ್ಲಿ ಗುಬ್ಬಿಗೆ 8 ಪುಟ, ಕುಣಿಗಲ್ಲಿಗೆ 8 ಪುಟ ಮೀಸಲಿಟ್ಟಿದ್ದೇವೆ. ನಾಲೆಯ ನೀರು ಕಂಡವರು, ಕಾಣದವರು ಬರೆದು ಕಳಿಸಿ. ತಮ್ಮ ಊರಿನ ಕೆರೆಗೆ ಹಿಂದಿನ ಮಳೆಗಾಲಗಳಲ್ಲಿ ನೀರು ಬಂದ ಬಗ್ಗೆ ಬರೆಯುವವರಿಗೆ ಮೊದಲ ಆದ್ಯತೆ. ಬರೀ ಬೈಗುಳವಾದರೆ ಎರಡೂ ತಾಲ್ಲೂಕಿನದನ್ನು ಒಂದೇ ಬುಟ್ಟಿಗೆ ಹಾಕುತ್ತೇವೆ.